ಬಯೋಡೀಸೆಲ್‌ಗೆ ಕಾಸ್ಟಿಕ್ ಬದಲು ಸುಣ್ಣ: ಬೇಕಾ, ಬೇಡವಾ?

ಪರ

ಮಂಡ್ಯ ಕಡೆ ಹೊಂಗೆ ಮರಕ್ಕೆ ಬರವಿಲ್ಲ. ಮೈಸೂರಿನ ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಗೂ ಬರವಿಲ್ಲ. ಈ ಎಣ್ಣೆಗೆ ಮೆಥನಾಲ್ ಸೇರಿಸಿ, 60 ಡಿಗ್ರಿ ಬಿಸಿಯಲ್ಲಿ ಕಲಕಿದರೆ ಬಯೋಡೀಸೆಲ್ ಆಗುತ್ತದೆ. ತಳದಲ್ಲಿ ಗ್ಲಿಸರಿನ್ ಕೂರುತ್ತದೆ. ಸುಮ್ನೆ ಕಲಕಿದರೆ ಆಗದು, ಕ್ಯಾಟಲಿಸ್ಟ್ ಬೇಕು, ಅಂದರೆ ಈ ಕ್ರಿಯೆಯನ್ನು ಚುರುಕು ಮಾಡುವ ವಸ್ತು. ಸಣ್ಣ ಘಟಕದವರು ಹಾಕುವುದು ಕಾಸ್ಟಿಕ್ ಸೋಡಾ, ಇಲ್ಲವೇ ಕಾಸ್ಟಿಕ್ ಪೊಟ್ಯಾಷ್.

ಗಂಟೆಯೊಳಗೆ ಕೆಲಸ ಮುಗಿಯುತ್ತದೆ, ನಿಜ. ಆಮೇಲಿನ ಪಾಡು ನೋಡಿ. ಕಾಸ್ಟಿಕ್ ಕರಗಿ ಎಲ್ಲದರಲ್ಲೂ ಬೆರೆತಿರುತ್ತದೆ. ಅದನ್ನು ತೆಗೆಯಲು ಎರಡು ಮೂರು ಸಲ ನೀರಲ್ಲಿ ತೊಳೆಯಬೇಕು. ಆ ಸೋಪಿನ ನೀರನ್ನು ಏನು ಮಾಡೋದು? ವಿ.ಸಿ. ನಾಲೆಗೆ ಬಿಡೋಕಾಗುತ್ತಾ?

ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಹಾಗಲ್ಲ. ಪುಡಿಯಾಗಿಯೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಸೋಸಿ ತೆಗೆದು ಮುಂದಿನ ಸಲಕ್ಕೂ ಹಾಕಬಹುದು. ಗ್ಲಿಸರಿನ್ ಕೂಡ ಇಷ್ಟು ಕೊಳಕಾಗಿರುವುದಿಲ್ಲ. ಸುಣ್ಣದ ಕಲ್ಲೇ ಬೇಕೆಂದಿಲ್ಲ. ಮೊಟ್ಟೆ ಚಿಪ್ಪನ್ನು 800ರಿಂದ 900 ಡಿಗ್ರಿಯಲ್ಲಿ ಸುಟ್ಟರೂ ಇದೇ ಸಿಗುತ್ತದೆ. ಬೇಕರಿಯವರು ತಿಪ್ಪೆಗೆ ಸುರಿಯುವ ಮಾಲು!

ಇದು ಬರೀ ಲ್ಯಾಬಿನ ಮಾತೂ ಅಲ್ಲ. ಕರಗದೆ ಘನವಾಗಿಯೇ ಉಳಿಯುವ ಕ್ಯಾಟಲಿಸ್ಟ್ ಬಳಸುವ ದೊಡ್ಡ ಕಾರ್ಖಾನೆ ಫ್ರಾನ್ಸಿನ ಸೆತ್ ಎಂಬಲ್ಲಿ 2006ರಲ್ಲೇ ಶುರುವಾಯಿತು.

ವಿರೋಧ

ಸೆತ್ ಹೆಸರು ಕೇಳಿ ನಗು ಬಂತು. ಅಲ್ಲಿರುವುದು ಸುಣ್ಣವೇ ಅಲ್ಲ, ಸತು ಮತ್ತು ಅಲ್ಯೂಮಿನಿಯಂ ಸೇರಿದ ಆಕ್ಸೈಡ್. ಅದು ನಡೆಯುವುದು 200 ಡಿಗ್ರಿ ಆಸುಪಾಸಿನಲ್ಲಿ, ಭಾರೀ ಒತ್ತಡದಲ್ಲಿ. ಮೆಥನಾಲ್ ಕುದಿಯುವುದೇ 65 ಡಿಗ್ರಿಗೆ. ನಮ್ಮ ಡ್ರಮ್ಮಿನಲ್ಲಿ ಆ ಸಾಹಸ ಬೇಡ.

ಇನ್ನು ಸುಣ್ಣ. ಗಾಳಿಗಿಟ್ಟರೆ ಅರಳುತ್ತದೆ, ಅಲ್ವಾ? ಅರಳಿದ ಸುಣ್ಣ ಗೋಡೆಗೆ ಸರಿ, ಎಲೆ ಅಡಿಕೆಗೆ ಸರಿ. ಇಲ್ಲಿ ಅದರ ಚುರುಕು ತೀರಾ ಕಡಿಮೆ. ತೇವ, ಇಂಗಾಲದ ಡೈಆಕ್ಸೈಡ್ ಎರಡೂ ಅದನ್ನು ಮಂಕು ಮಾಡುತ್ತವೆ. ಮತ್ತೆ ಸುಡಬೇಕು. ಉಳಿಸಿದ ನೀರಿನ ಲೆಕ್ಕ ಹೇಳುವವರು ಒಲೆಯ ಖರ್ಚು ಬರೆಯುವುದೇ ಇಲ್ಲ.

ಕರಗುವುದಿಲ್ಲ ಎಂಬುದೂ ಅರ್ಧ ಸತ್ಯ. ಗ್ಲಿಸರಿನ್ ಜೊತೆ ಸೇರಿ ಸುಣ್ಣ ಸ್ವಲ್ಪ ಸ್ವಲ್ಪ ಕರಗುತ್ತದೆ. ಬಯೋಡೀಸೆಲ್‌ಗಿರುವ ಭಾರತೀಯ ಮಾನದಂಡ ಐಎಸ್ 15607ರಂತೆ, ಒಂದು ಕೆಜಿ ಬಯೋಡೀಸೆಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ 5 ಮಿಲಿಗ್ರಾಂ ದಾಟಬಾರದು. ಅಷ್ಟಕ್ಕೆ ಇಳಿಸಲು ಬರೀ ಸೋಸಿದರೆ ಸಾಲದು.

ನನ್ನ ದೊಡ್ಡ ತಕರಾರು ಎಣ್ಣೆಯದ್ದು. ಹೊಂಗೆ ಎಣ್ಣೆಯಲ್ಲಿ, ಕರಿದೂ ಕರಿದೂ ಕಪ್ಪಾದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ, ಅಂದರೆ ಎಣ್ಣೆ ಒಡೆದು ಬೇರೆಯಾದ ಆಮ್ಲ, ಜಾಸ್ತಿ. ಅದು ಶೇ 1 ದಾಟಿದರೆ ಕಾಸ್ಟಿಕ್ ಸೋಪಾಗುತ್ತದೆ ಅಂತ ದೂರುತ್ತೇವೆ. ಸುಣ್ಣ ಸುಮ್ಮನಿರುತ್ತದಾ? ಅದೂ ಸೋಪಾಗುತ್ತದೆ, ಅದೂ ನೀರಲ್ಲಿ ಕರಗದ ಸೋಪು. ಬೋರ್‌ವೆಲ್ ಗಡಸು ನೀರಲ್ಲಿ ಬಟ್ಟೆ ಒಗೆದಾಗ ಬಕೆಟ್ಟಿಗೆ ಅಂಟುವ ಬಿಳಿ ಜಿಡ್ಡು ಇದೆಯಲ್ಲ, ಅದೇ. ಸೋಸುವ ಬಟ್ಟೆಗೆ ಅದು ಮೆತ್ತಿಕೊಂಡರೆ ಆ ದಿನದ ಕೆಲಸ ನಿಂತಂತೆ.

ಹಾಗಾಗಿ ಮೊದಲು ಸಲ್ಫ್ಯೂರಿಕ್ ಆಮ್ಲ ಹಾಕಿ, ಬಿಸಿ ಮಾಡಿ, ಆ ಕೊಬ್ಬಿನಾಮ್ಲ ಇಳಿಸಲೇಬೇಕು. ಕಾಸ್ಟಿಕ್ ಆದರೂ, ಸುಣ್ಣ ಆದರೂ ಇದು ತಪ್ಪದು. ಅಷ್ಟು ಮಾಡಿದ ಮೇಲೆ ಕಾಸ್ಟಿಕ್ ಹಾಕಿದರೆ 100 ಲೀಟರ್ ಎಣ್ಣೆಗೆ ಸುಮಾರು 25 ಲೀಟರ್ ಮೆಥನಾಲ್ ಸಾಕು. ಸುಣ್ಣಕ್ಕೆ ಸಾಮಾನ್ಯವಾಗಿ ಅದರ ಒಂದೂವರೆ, ಎರಡು ಪಟ್ಟು ಬೇಕು. ಹೊತ್ತೂ ಜಾಸ್ತಿ.