ತುಲಾ ರಾಶಿಗೆ ಮಾತ್ರೆ ಹಿಡಿಯಲ್ಲ

ಇವತ್ತಿನ ಪೇಪರಿನಲ್ಲಿ ಕಾಫಿ ಹೃದಯಕ್ಕೆ ಒಳ್ಳೆಯದಂತೆ. ಹೋದ ತಿಂಗಳು ಅದೇ ಪುಟದಲ್ಲಿ ಕೆಟ್ಟದಿತ್ತು. ಆಗ ಕಾಫಿ ಬಿಟ್ಟಿದ್ದ ನಮ್ಮ ಮಾವ ಬೆಳಗ್ಗಿನಿಂದ ಎರಡು ಲೋಟ ಇಳಿಸಿದ್ದಾರೆ.

2015ರ ಚಾಕೊಲೇಟ್ ಮಹಿಮೆ ನೀವು ಮರೆತಿಲ್ಲ ಅಲ್ವಾ? ಜಾನ್ ಬೊಹಾನನ್ ಎಂಬ ಪತ್ರಕರ್ತ ಜರ್ಮನಿಯಲ್ಲಿ ಬೇಕಂತಲೇ ಮಾಡಿದ ಕೀಟಲೆ. ಬೆರಳೆಣಿಕೆ ಜನ, ಅವರಲ್ಲಿ ಕೆಲವರಿಗೆ ಚಾಕೊಲೇಟ್, ಮೂರು ವಾರ, ತೂಕ, ಕೊಲೆಸ್ಟ್ರಾಲ್, ನಿದ್ದೆ ಅಂತ 18 ಅಳತೆ. ಒಂದು ಅಳತೆ ಸುಮ್ನೆ ಅದೃಷ್ಟದಿಂದ ಪಾಸಾಗುವ, ಅಂದರೆ ಇಲ್ಲದ ಪರಿಣಾಮ ಇದೆ ಅಂತ ತೋರಿಸುವ ಸಾಧ್ಯತೆ 100ಕ್ಕೆ 5. ಹದಿನೆಂಟು ಸಲ ಪರೀಕ್ಷೆ ಬರೆದರೆ ಒಂದಾದರೂ ಪಾಸಾಗುವ ಸಾಧ್ಯತೆ ಹತ್ತಿರ ಹತ್ತಿರ 60! ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ ಅಂತ ಬಂತು. ಜರ್ಮನಿಯ 'ಬಿಲ್ಡ್' ಪತ್ರಿಕೆ ಮುಖಪುಟದಲ್ಲೇ ಹಾಕಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತೀವಲ್ಲ, ಇಲ್ಲಿ 18 ಕಾಗೆಗಳನ್ನು ಕೂರಿಸಿದ್ದರು. ಫೋಟೊ ಬಂದಿದ್ದು ಮುರಿದ ಟೊಂಗೆಯದು ಮಾತ್ರ.

ಮದ್ದು ಇಲ್ಲವೇ? ಇದೆ. ಬಾನ್‌ಫೆರೋನಿ ಲೆಕ್ಕ. ಆ 100ಕ್ಕೆ 5, ಅಂದರೆ 0.05 ಅನ್ನು 18ರಿಂದ ಭಾಗಿಸಿ, ಅದೃಷ್ಟದಿಂದಲೇ ಹೀಗಾಗುವ ಸಾಧ್ಯತೆ 0.0028ಕ್ಕಿಂತ ಕೆಳಗೆ ಬಂದರೆ ಮಾತ್ರ ಬಾಯಿ ಬಿಡಿ. ಬರೀ ಭಾಗಾಕಾರ ಸ್ವಾಮಿ, ಮೊಮ್ಮಕ್ಕಳು ಮಾಡಿಕೊಡುತ್ತಾರೆ.

ನನಗೆ ಇಷ್ಟವಾದದ್ದು 1988ರ ಕಥೆ. ಪ್ರಯೋಗದ ಹೆಸರು ಐಸಿಸ್-2. ಗಾಬರಿ ಬೇಡ, ಅವರು ಹಾರ್ಟ್ ಡಾಕ್ಟರುಗಳು. 17,187 ರೋಗಿಗಳು. ಹಾರ್ಟ್ ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೀವ ಉಳಿಸುತ್ತದೆ ಅಂತ ಗಟ್ಟಿಯಾಗಿ ಗೊತ್ತಾಯಿತು. ಅಷ್ಟು ಸಾಲದು, ಯಾವ ಗುಂಪಿಗೆ ಎಷ್ಟೆಷ್ಟು ಅಂತ ಬಿಡಿಸಿ ಹೇಳಿ ಎಂದಿತಂತೆ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'. ಸರಿ, ರಾಶಿ ಪ್ರಕಾರವೂ ಬಿಡಿಸಿಕೊಟ್ಟರು! ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ ಪ್ರಯೋಜನವಿಲ್ಲ ಅಂತ ಬಂತು. ಇಷ್ಟು ಚೂರು ಮಾಡಿದರೆ ಹೀಗೇ ಆಗೋದು ಅಂತ ತೋರಿಸಲೆಂದೇ ಕೊಟ್ಟಿದ್ದು. ನನ್ನ ಕಷ್ಟ ಬೇರೆ. ಅವರದು ಸೂರ್ಯನ ಲೆಕ್ಕ, ನಮ್ಮದು ಚಂದ್ರನ ಲೆಕ್ಕ. ಅಲ್ಲಿ ನಾನು ತುಲಾ, ಮನೆಯ ಜಾತಕದಲ್ಲಿ ಮಕರ. ನಾಳೆ ಎದೆ ಹಿಡಿದುಕೊಂಡರೆ ಆಂಬ್ಯುಲೆನ್ಸಿಗಿಂತ ಮೊದಲು ಪುರೋಹಿತರಿಗೆ ಫೋನ್ ಮಾಡಬೇಕು.

ನಗು ಬರುತ್ತದೆ, ನಿಜ. ಆದರೆ ಸಾಕಾಗಿ ಹೋಗಿದೆ. ಪೇಪರಿನವರೇ, ಅವರು ಎಷ್ಟು ಸಲ ಅಳೆದರು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ? ಫೇಲಾದ ಅಳತೆಗಳನ್ನು ಯಾಕೆ ಮುಚ್ಚಿಡುತ್ತೀರಿ? ವಯಸ್ಸಾದವರು ನಿಮ್ಮ ತಲೆಬರಹ ಓದಿ ಊಟ ಬದಲಾಯಿಸುತ್ತಾರೆ, ಮಾತ್ರೆ ಬಿಡುತ್ತಾರೆ.

ಮಾವ ಮೂರನೇ ಲೋಟ ಕೇಳುತ್ತಿದ್ದಾರೆ. ಅವರಿಗೆ ಶುಗರ್ ಇದೆ. ಸಕ್ಕರೆ ಒಳ್ಳೆಯದು ಅಂತ ಯಾವಾಗ ಬರುತ್ತದೋ ಅಂತ ದಿನಾ ಪುಟ ತಿರುಗಿಸುತ್ತಾರೆ.