ಬಿಸಿ ಎಂಜಿನ್ ಮೇಲೆ ತಣ್ಣೀರು ಹಾಕಬೇಡಿ: ಒಂದು ಸ್ಪಷ್ಟನೆ

"ಓಡಿಸಿ ನಿಲ್ಲಿಸಿದ ಕಾರು ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಗ್ತಿಲ್ವಾ? ಪೆಟ್ರೋಲ್ ಪೈಪಲ್ಲಿ ಆವಿ ಕಟ್ಟಿದೆ, ಎಂಜಿನ್ ಮೇಲೆ ತಣ್ಣೀರು ಸುರಿಯಿರಿ" ಅನ್ನೋ ವಾಟ್ಸಾಪ್ ಮೆಸೇಜ್ ಓಡಾಡ್ತಿದೆ. ಇದು ಈಗಿನ ಕಾರುಗಳಿಗೆ ಸರಿಯಲ್ಲ.

ಪ್ರೀಮಿಯರ್ ಪದ್ಮಿನಿ, ಹಳೆ ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಹಳೇ ಸಾಧನ) ಇದ್ದ ಮಾರುತಿ 800 ಇವುಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿತ್ತು. ಅದು ಕಾದಾಗ ಪೆಟ್ರೋಲ್ ಆವಿಯಾಗಿ ಎಂಜಿನ್‌ಗೆ ಸರಿಯಾಗಿ ಹೋಗುತ್ತಿರಲಿಲ್ಲ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿದರೆ ಕೆಲಸ ಆಗುತ್ತಿತ್ತು. ಈಗಿನ ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ) ಕಾರುಗಳಲ್ಲಿ ಪಂಪ್ ಟ್ಯಾಂಕ್ ಒಳಗೇ ಇರುತ್ತದೆ, ಪೈಪಿನಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡ ಇರುತ್ತದೆ, ಹಾಗಾಗಿ ಆವಿ ಕಟ್ಟೋದು ತುಂಬಾ ಕಡಿಮೆ. ಸುಮ್ನೆ ನೀರು ಸುರಿದರೆ ಕಾದ ಲೋಹ ಬಿರುಕು ಬಿಡಬಹುದು, ಸೆನ್ಸರ್ ಕನೆಕ್ಟರ್‌ಗಳಿಗೆ ನೀರು ಹೋಗುತ್ತದೆ.

ಮೊದಲು ಕೀ ತಿರುಗಿಸಿ ಕೇಳಿಸಿಕೊಳ್ಳಿ. ಬರೀ 'ಟಕ್' ಅಂದರೆ ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್, ಸ್ಟಾರ್ಟರ್ ಮೋಟಾರ್ ನೋಡಿಸಿ. ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ, ಆರ್‌ಪಿಎಂ ಮುಳ್ಳು ಕೂಡ ಅಲ್ಲಾಡುತ್ತಿಲ್ಲ ಅಂದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರ್‌ಗೆ ತಿಳಿಸುವ ಸೆನ್ಸರ್) ಮೇಲೆ ಅನುಮಾನ ಪಡಬಹುದು. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಮೇಲೆ ಸರಿಹೋಗೋದು ಇದರ ಹಳೇ ಚಾಳಿ. ಕೀ ಎರಡು ಮೂರು ಸಲ ಆನ್-ಆಫ್ ಮಾಡಿದಮೇಲೆ ಸ್ಟಾರ್ಟ್ ಆದರೆ ಪೆಟ್ರೋಲ್ ಒತ್ತಡ ಇಳಿದುಹೋಗುತ್ತಿರಬಹುದು, ಗೇಜ್ ಹಾಕಿ ಅಳೆಸಿ. ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರ್ ಸ್ಕ್ಯಾನ್ ಮಾಡಿಸದೆ ಬಿಡಿಭಾಗ ಬದಲಿಸಬೇಡಿ, ದುಡ್ಡು ದಂಡ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.