ದರಕು ಗುಡಿಸುವವರಿಗೆ ‘ಕಾಡಿಗೆ ಹೋಗಬೇಡಿ’ ಎಂದರೆ

ಮಂಗನ ಕಾಯಿಲೆಯ ಸುದ್ದಿ ಪ್ರತಿ ವರ್ಷ ಜನವರಿಯ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟಕ್ಕೆ ಬರುತ್ತದೆ, ಮಳೆ ಹಿಡಿಯುವಷ್ಟರಲ್ಲಿ ಮರೆಯಾಗುತ್ತದೆ. ಅದರ ಜೊತೆಗೆ ಬರುವ ಮುನ್ನೆಚ್ಚರಿಕೆಗಳಲ್ಲಿ ‘ಕಾಡಿಗೆ ಹೋಗಬೇಡಿ’ ಎಂಬುದು ತಪ್ಪದೆ ಇರುತ್ತದೆ. ತೋಟಕ್ಕೆ ಸೊಪ್ಪು, ತರಗೆಲೆ ಒದಗಿಸುವ ಕಾಡನ್ನು, ಅಂದರೆ ಸೊಪ್ಪಿನ ಬೆಟ್ಟವನ್ನು ನಂಬಿ ಅಡಿಕೆ ತೋಟ ಮಾಡಿಕೊಂಡು ಬಂದ ಮಲೆನಾಡಿನ ಮನೆಯವನಾದ ನನಗೆ ಈ ಸಲಹೆಯ ಬಗ್ಗೆ ತಕರಾರಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಅದೇ ಹೊತ್ತಿಗೆ ಸುತ್ತಲಿನ ಊರುಗಳ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು. ಪತ್ತೆಯಾದದ್ದು ಮಾತ್ರ ಉಣುಗು (ಉಣ್ಣೆ) ಕಚ್ಚುವುದರಿಂದ ಹರಡುವ, ಅದುವರೆಗೆ ಯಾರಿಗೂ ಗೊತ್ತಿರದಿದ್ದ ಒಂದು ವೈರಸ್. ಈ ಉಣುಗಿನ ಮರಿಗಳು ಮಳೆಗಾಲ ಮುಗಿದ ಮೇಲೆ ಇಲಿ, ಮೂಗಿಲಿ, ಮಂಗ, ಮುಸಿಯಗಳ ರಕ್ತ ಹೀರುವಾಗ ವೈರಸ್ಸನ್ನು ಪಡೆಯುತ್ತವೆ. ಪೊರೆ ಕಳಚಿ ಮುಂದಿನ ಹಂತಕ್ಕೆ ಬಂದಾಗಲೂ ಅದು ಅವುಗಳ ಮೈಯಲ್ಲೇ ಉಳಿದಿರುತ್ತದೆ. ಮನುಷ್ಯರಿಗೆ ರೋಗ ಅಂಟಿಸುವುದು ಹೆಚ್ಚಾಗಿ ಈ ಎರಡನೆಯ ಹಂತದ, ಕಣ್ಣಿಗೆ ಸುಲಭವಾಗಿ ಬೀಳದ ಸಣ್ಣ ಉಣುಗುಗಳೇ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳೆಲ್ಲ ಅಲ್ಲೇ ನೆಲಕ್ಕೆ ಉದುರುವುದರಿಂದ ಆ ಜಾಗ ಬಹಳ ಅಪಾಯಕಾರಿ. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದಿಲ್ಲ. (ಕಾಯಿಲೆ ಬಂದವರ ಮನೆಯನ್ನು ದೂರ ಇಡುವವರು ಇದನ್ನು ದಯವಿಟ್ಟು ಗಮನಿಸಬೇಕು.)

ಈ ಸಣ್ಣ ಉಣುಗುಗಳು ನವೆಂಬರ್‌ನಿಂದ ಮೇ ತಿಂಗಳವರೆಗೆ ತರಗೆಲೆಯ ನಡುವೆ ಇರುತ್ತವೆ. ಬೆಟ್ಟದಲ್ಲಿ ದರಕು, ಅಂದರೆ ಇದೇ ತರಗೆಲೆ, ಉದುರುವುದು, ಅದನ್ನು ಗುಡಿಸಿ ಹಗ್ಗದ ಬಲೆಯ ಕಲ್ಲಿಯಲ್ಲಿ ತುಂಬಿ ಕೊಟ್ಟಿಗೆಗೆ ಹೊರುವುದು, ಮಳೆಗಾಲಕ್ಕೆ ಒಣ ಸೌದೆ ಕೂಡಿಡುವುದು, ಎಲ್ಲವೂ ಇದೇ ತಿಂಗಳುಗಳಲ್ಲಿ. ಕೊಟ್ಟಿಗೆಗೆ ಹಾಸು ಬೇಕು, ಹಾಸಿನಿಂದ ಗೊಬ್ಬರವಾಗಬೇಕು, ಗೊಬ್ಬರ ತೋಟಕ್ಕೆ ಬೀಳಬೇಕು. ಇಲ್ಲಿ ಕಾಡಿಗೆ ಹೋಗದಿರುವುದೆಂದರೆ ಮುಂದಿನ ವರ್ಷದ ಬೆಳೆಯನ್ನೇ ಬಿಟ್ಟುಕೊಟ್ಟಂತೆ. ಮನೆಯ ಗಂಡಸರು ತೋಟದಲ್ಲಿದ್ದಾಗ ಬೆಟ್ಟದಲ್ಲಿ ಬಾಗಿ ದರಕು ಗುಡಿಸುವವರು ಬಹುಪಾಲು ಹೆಂಗಸರು ಮತ್ತು ಕೂಲಿಯವರು, ಅಂದರೆ ಪತ್ರಿಕೆಯ ಜಿಲ್ಲಾ ಪುಟವನ್ನು ಓದಲು ಪುರಸೊತ್ತೇ ಇಲ್ಲದವರು. ಕಾಡಿಗೆ ಮೇಯಲು ಬಿಟ್ಟ ದನಗಳು ಸಂಜೆ ತಾವೇ ಉಣುಗನ್ನು ಹೊತ್ತು ತರುವುದರಿಂದ, ಮನೆಯಲ್ಲೇ ಉಳಿದವರೂ ಪೂರ್ತಿ ಸುರಕ್ಷಿತರಲ್ಲ.

ತಪ್ಪು ಸದಾ ಹಳ್ಳಿಯವರದೇ ಎಂಬಂತೆ ಮಾತನಾಡುವವರು 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆದದ್ದನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ಗೇರು ನೆಡುತೋಪಿಗಾಗಿ ಕಾಡು ಕಡಿದಾಗ, ಆ ಕೆಲಸಕ್ಕೆ ಹೋದವರಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಅದುವರೆಗೆ ಕಾಣದಷ್ಟು ದೊಡ್ಡ ಪ್ರಮಾಣದಲ್ಲಿ ರೋಗ ಹಬ್ಬಿತ್ತು.

ಲಸಿಕೆಯ ಕಥೆ ಇನ್ನೂ ಬೇಸರದ್ದು. ನಮ್ಮಲ್ಲಿ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಎರಡು ಡೋಸ್ ಪಡೆದವರಲ್ಲಿ ಸುಮಾರು 62% ಮತ್ತು ಬೂಸ್ಟರನ್ನೂ ಪಡೆದವರಲ್ಲಿ ಸುಮಾರು 83% ರಕ್ಷಣೆ ಕಂಡುಬಂದಿತ್ತು ಎಂದು 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಅಧ್ಯಯನ ಹೇಳುತ್ತದೆ. ಚುಚ್ಚಿದಲ್ಲಿ ಬಹಳ ನೋವು, ಮೇಲಿಂದ ಮೇಲೆ ಬೂಸ್ಟರ್, ಹೀಗಾಗಿ ಅರ್ಧಕ್ಕೇ ಬಿಟ್ಟವರು ಬಹಳ. ಕೊನೆಗೆ ಲಸಿಕೆಯ ಪರಿಣಾಮವೇ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಪರಿಣಾಮ ಸಾಲದ ಲಸಿಕೆಯನ್ನು ನಿಲ್ಲಿಸಿದ್ದು ಸರಿಯೇ; ಆದರೆ ಕೈಯಲ್ಲಿ ಇನ್ನೊಂದಿಲ್ಲದ ಸ್ಥಿತಿ ಬರುವವರೆಗೆ ಕಾದದ್ದು ಸರಿಯಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಸಾವುಗಳಾದಾಗಲೇ ಹೊಸ ಲಸಿಕೆಯ ಕೆಲಸಕ್ಕೆ ವೇಗ ಬರಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈಗ ಆ ಕೆಲಸದಲ್ಲಿ ತೊಡಗಿದೆ. ಈ ರೋಗಕ್ಕೆಂದೇ ನಿರ್ದಿಷ್ಟವಾದ ಔಷಧಿ ಇಲ್ಲದಿರುವಾಗ, ರೋಗ ತಗಲಿದವರಲ್ಲಿ ಸಾಮಾನ್ಯವಾಗಿ 3ರಿಂದ 5% ಜನ ಸಾಯುತ್ತಿರುವಾಗ, ಇದನ್ನು ಮಲೆನಾಡಿನ ಮೂಲೆಯ ಸಮಸ್ಯೆಯೆಂದು ಬದಿಗಿಡುವುದಕ್ಕೆ ಬರುವುದಿಲ್ಲ. ವಯನಾಡು, ಗೋವಾ, ಸಿಂಧುದುರ್ಗಗಳಿಗೂ ಅದು ಈಗಾಗಲೇ ತಲುಪಿದೆ.

ಹೊಸ ಲಸಿಕೆ ಬರುವ ತನಕ ಕೆಲಸ ಮಾಡುವವರು ಕೆಲಸ ಮಾಡಿಕೊಂಡೇ ಬದುಕುಳಿಯುವ ಏರ್ಪಾಡು ಬೇಕು. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲ ಮೊದಲ ಜ್ವರದ ಸುದ್ದಿ ಬಂದ ಮೇಲೆ ಬರುವುದರ ಬದಲು ಅಕ್ಟೋಬರ್‌ನಲ್ಲೇ ಆಶಾ ಕಾರ್ಯಕರ್ತೆಯರ ಕೈ ಸೇರಬೇಕು. ದನಗಳಿಗೆ ಉಣುಗಿನ ಔಷಧಿಯನ್ನು ಪಶುವೈದ್ಯ ಇಲಾಖೆ ಅದೇ ಹೊತ್ತಿಗೆ ಕೊಡಬೇಕು. ಸತ್ತ ಮಂಗ ಕಂಡವರು ಅರಣ್ಯ, ಪಶುವೈದ್ಯ, ಆರೋಗ್ಯ ಎಂದು ಮೂರು ಇಲಾಖೆಗಳಿಗೆ ಅಲೆಯದೆ ಪಂಚಾಯಿತಿಗೆ ಒಂದು ಫೋನ್ ಮಾಡಿದರೆ ಸಾಕು ಎಂಬಂತಾಗಬೇಕು.